ಟವರ್ ಬೇಗ ಬಂದ ದಿನ

ಪೀಚು ಅಂಗಡಿ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಒಬ್ಬ ಮನುಷ್ಯ ಕೈ ಚಾಚಿ ನಿಂತರೆ ಎರಡೂ ಗೋಡೆ ಸಿಗುತ್ತವೆ, ಅಷ್ಟೇ ಅಗಲ. ಉದ್ದ ಮಾತ್ರ ರೈಲು ಡಬ್ಬಿಯಷ್ಟಿದೆ. ಮುಂದೆ ಗಾಜಿನ ಕೌಂಟರು, ನಡುವೆ ರಿಪೇರಿ ಮೇಜು, ತಲೆಯ ಮೇಲೆ ಡಬ್ಬಗಳನ್ನು ತುರುಕಿಟ್ಟ ಅಟ್ಟ, ಕೊನೆಯಲ್ಲಿ ಬಾಗಿಲು ಸರಿಯಾಗಿ ಹಾಕಿಕೊಳ್ಳದ ಒಂದು ಬಚ್ಚಲು. ಪೀಚು ಎಂಬುದು ಅವನ ಹೆಸರಲ್ಲ. ಅವನ ಭಾವ, ಅಂದರೆ ಅಕ್ಕನ ಗಂಡ, ಮದುವೆಯ ದಿನವೇ ಅವನ ತೋಳನ್ನು ಎರಡು ಬೆರಳಲ್ಲಿ ಹಿಡಿದು ಅಷ್ಟು ಜನರ ಎದುರು, "ಏನ್ರೀ ಇದು, ಪೀಚು!" ಎಂದು ನಕ್ಕಿದ್ದ. ಎಲ್ಲರೂ ನಕ್ಕರು. ಅಂದಿನಿಂದ ಆ ಹೆಸರು ಅಂಟು ಹಾಕಿದ ಹಾಗೆ ಅಂಟಿಕೊಂಡಿತು, ಕೊನೆಗೆ ಅಂಗಡಿಗೂ ಅದೇ ಆಯಿತು.

ಅವನು ಮಾರುತ್ತಿದ್ದದ್ದು ಲಾಕ್ ಇಲ್ಲದ ಫೋನು. ದೊಡ್ಡ ಕಂಪನಿಗಳವರು ಕಂತಿನ ಮೇಲೆ ಫೋನು ಕೊಡುತ್ತಾರಲ್ಲ, ಅದಕ್ಕೆ ಕೊಡುವಾಗಲೇ ಒಂದು ಮೂಗುದಾರ ಹಾಕಿರುತ್ತಾರೆ. ಅವರ ಸಿಮ್ ಬಿಟ್ಟು ಬೇರೆಯವರದನ್ನು ಹಾಕಿದರೆ ಅದು ಬಾಯಿ ಬಿಡುವುದಿಲ್ಲ. ಪೀಚುವಿನ ಕೌಂಟರಿನಲ್ಲಿದ್ದವು ಯಾವ ಸಿಮ್ ಹಾಕಿದರೂ ಮಾತಾಡುವಂಥವು. ಜೊತೆಗೆ, ಹಳೇ ನಂಬರನ್ನು ಹಾಗೇ ಇಟ್ಟುಕೊಂಡು ಒಂದು ಕಂಪನಿಯಿಂದ ಇನ್ನೊಂದಕ್ಕೆ ಪೋರ್ಟ್ ಮಾಡಿಸಿ ಕೊಡುವ ಕೆಲಸವೂ ಅವನದೇ. "ಮೊದ್ಲು ಫೋನ್ ನಿಮ್ದಾಗ್ಲಿ ಸ್ವಾಮಿ, ಆಮೇಲೆ ನೋಡಿ, ಕಂಪನಿಗಳೇ ನಿಮ್ಮ ಹಿಂದೆ ಬರ್ತವೆ" ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ಅದೊಂದು ಮಾತು ಹೇಳುವಾಗ ಮಾತ್ರ ಅವನ ದನಿಗೆ ಸ್ವಲ್ಪ ಜೋರು ಬರುತ್ತಿತ್ತು.

ಇನ್ನು ಭಾವನ ವಿಷಯ. ಹೇಳಲು ಬಾಯೆಲ್ಲ ಕಹಿಯಾಗುತ್ತದೆ, ಆದರೂ ಹೇಳಲೇಬೇಕು. ಟೈರ್ ಅಂಗಡಿ ಇಟ್ಟಿದ್ದ. ಆಳು ಅಂದರೆ ಆಳು, ಲಾರಿ ಚಕ್ರವನ್ನು ಒಂದೇ ಕೈಯಲ್ಲಿ ಉರುಳಿಸಿಕೊಂಡು ಬರುತ್ತಿದ್ದ. ಹೊರಗೆ ನಗುಮೊಗ, ದಾರಿಯಲ್ಲಿ ಪಂಕ್ಚರ್ ಆಗಿ ನಿಂತವರಿಗೆ ಓಡಿಹೋಗಿ ಸಹಾಯ. ಎಲ್ಲರೂ ಹೊಗಳುವವರೇ. ಮನೆಯೊಳಗೆ ಕಾಲಿಟ್ಟ ಮೇಲೆ ಆ ಮನುಷ್ಯನೇ ಬೇರೆ. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಎತ್ತಿ ಅಕ್ಕನ ಮುಖಕ್ಕೆ ಬೀಸುತ್ತಿದ್ದ, ಕೈಗೆ ಸಿಗುತ್ತಿದ್ದದ್ದು ಸಾಮಾನ್ಯವಾಗಿ ಅವಳದೇ ಫೋನು. ಮೊದಲ ಸಲ ಒಡೆದ ಫೋನು ತಂದಾಗ ಅಕ್ಕ, "ಅಡುಗೆಮನೇಲಿ ಬಿತ್ತು ಕಣೋ" ಅಂದಳು. ಮುಂದಿನ ಸಲ ಮೆಟ್ಟಿಲ ಮೇಲೆ ಬಿತ್ತು ಅಂದಳು. ಆಮೇಲೆ ಏನೂ ಹೇಳಲಿಲ್ಲ, ಹುಬ್ಬಿನ ಮೇಲೆ ಹೊಲಿಗೆ ಹಾಕಿತ್ತು. ಪೀಚು ಏನು ಮಾಡಿದ? ಗಾಜು ಬದಲಾಯಿಸಿ, ಒರೆಸಿ, ಕೈಗೆ ಕೊಟ್ಟ. ಥೂ, ಗಾಜು ಹಾಕಿ ಕೊಡುವುದೂ ಒಂದು ಸಹಾಯವೇ! ಆದರೆ ಅವನಿಗೆ ಬರುತ್ತಿದ್ದದ್ದು ಅದೊಂದೇ, ಮತ್ತೆ ಭಾವನ ಎದುರು ನಿಂತರೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು.

ಅಕ್ಕನದು ಹೊಲಿಗೆ ಕೆಲಸ. ಹೊಸದು ಹೊಲಿಯುವುದಕ್ಕಿಂತ ತಿದ್ದುವುದೇ ಹೆಚ್ಚು: ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕೋಟಿನ ಭುಜ ಇಳಿಸುವುದು, ಹೋಟೆಲಿನವರ ಸಮವಸ್ತ್ರ ಬಿಗಿ ಮಾಡುವುದು. ಊರಿನ ಬಟ್ಟೆ ಅಂಗಡಿಗಳ ಕನ್ನಡಿಯ ಮೂಲೆಯಲ್ಲೆಲ್ಲ ಅವಳ ನಂಬರಿನ ಚೀಟಿ ಅಂಟಿಸಿತ್ತು. ಹೋದ ತಿಂಗಳು ಹೋಟೆಲಿನ ಮ್ಯಾನೇಜರು ಫೋನ್ ಮಾಡಿ, "ನಿಮ್ಮ ಕೈಗುಣ ಚೆನ್ನಾಗಿದೆ ಮೇಡಂ" ಅಂದದ್ದು ಭಾವನ ಕಿವಿಗೆ ಬಿತ್ತು. ಅವಳ ಬಲಗೈ ಹೆಬ್ಬೆರಳನ್ನು ಬೀರುವಿನ ಬಾಗಿಲ ಸಂದಿಗೆ ಇಟ್ಟು, ಬಾಗಿಲಿಗೆ ಒರಗಿ ನಿಂತುಕೊಂಡ. ಅವಳು ಕೂಗಿ ಕೂಗಿ ದನಿ ಹೋಗುವವರೆಗೆ ನಿಂತೇ ಇದ್ದ.

ಬ್ಯಾಂಡೇಜು ಕಟ್ಟಿದ ಕೈ ಎದೆಗೆ ಆನಿಸಿಕೊಂಡು ಅಕ್ಕ ಅಂಗಡಿಗೆ ಬಂದಳು. ಅಳಲಿಲ್ಲ. "ಇನ್ನೊಂದ್ಸಲ ಈ ನಂಬರಿಗೆ ಗಂಡಸಿನ ಫೋನ್ ಬಂದ್ರೆ ಕುತ್ತಿಗೆ ಹಿಸುಕ್ತೀನಿ ಅಂದಿದ್ದಾರೆ. ಬರೀ ಮಾತಲ್ಲ ಕಣೋ, ಹೇಳುವಾಗ ನನ್ನ ಕುತ್ತಿಗೇನೇ ನೋಡ್ತಿದ್ರು. ನಾನಿನ್ನು ಅಲ್ಲಿದ್ರೆ ಉಳಿಯಲ್ಲ ತಮ್ಮಾ" ಅಂದಳು. ಬೇರೆ ಊರಿನಲ್ಲಿ ಅವಳ ಗೆಳತಿಯೊಬ್ಬಳು ಹೊಲಿಗೆ ಘಟಕ ನಡೆಸುತ್ತಿದ್ದಳು. ಇರಲು ಕೋಣೆ, ಕೂರಲು ಮಿಷನ್ನು ಎರಡೂ ಕೊಡುತ್ತೇನೆ ಬಾ ಎಂದಿದ್ದಳಂತೆ. ಆದರೆ ನಂಬರು ಬಿಟ್ಟು ಹೋಗಲು ಅಕ್ಕ ಸುತರಾಂ ಒಪ್ಪಲಿಲ್ಲ. "ಅದು ಹೋದ್ರೆ ನನ್ನ ಗಿರಾಕಿಗಳೆಲ್ಲ ಹೋದ ಹಾಗೆ. ಬಟ್ಟೆ ಬಿಟ್ಟು ಬರ್ತೀನಿ, ಪಾತ್ರೆ ಬಿಟ್ಟು ಬರ್ತೀನಿ. ಅದನ್ನ ಬಿಡಲ್ಲ."

ತೊಡಕು ಇದ್ದದ್ದು ಫೋನಿನಲ್ಲಿ. ನಂಬರು ಮದುವೆಗೆ ಮುಂಚಿನದು, ಅವಳ ಹೆಸರಿನಲ್ಲೇ ಇತ್ತು. ಫೋನು ಮಾತ್ರ ಭಾವ ಕಂಪನಿಯಿಂದ ಕಂತಿನಲ್ಲಿ ತಂದದ್ದು, ಲಾಕ್ ಹಾಕಿದ್ದು. ಅದರೊಳಗೆ ಅವನೊಂದು ಆಪ್ ಕೂರಿಸಿದ್ದ. ಅಕ್ಕ ಎಲ್ಲಿಗೆ ಹೋದರೂ ಅವನ ಫೋನಿನ ನಕ್ಷೆಯಲ್ಲಿ ನೀಲಿ ಚುಕ್ಕಿಯಾಗಿ ಕಾಣುತ್ತಿದ್ದಳು. ಟೈರ್ ಬಿಚ್ಚುತ್ತಾ ಬಿಚ್ಚುತ್ತಾ ಕೈ ಒರೆಸಿಕೊಂಡು ಚುಕ್ಕಿ ನೋಡುವುದು, ಮತ್ತೆ ಟೈರ್ ಬಿಚ್ಚುವುದು. ಹೀಗಾಗಿ ಅಕ್ಕ ತಮ್ಮ ಸೇರಿ ಒಂದು ಉಪಾಯ ಮಾಡಿದರು. ಭಾವ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು ಹೋದ ಮೇಲೆ ಅಕ್ಕ ಆ ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೇ ಬಿಟ್ಟು ಹೊರಡುವುದು. ಚುಕ್ಕಿ ಮನೆಯಲ್ಲೇ ಇರುತ್ತದೆ. ಅವಳು ಅಂಗಡಿಗೆ ಬಂದ ಮೇಲೆ ಪೀಚು ನಂಬರನ್ನು ಪೋರ್ಟ್ ಮಾಡಿ, ಹೊಸ ಫೋನಿಗೆ ಹಾಕಿ, ಅವಳನ್ನು ಬಸ್ಸು ಹತ್ತಿಸುವುದು. ಪೋರ್ಟ್ ಮಾಡಲು ಬೇಕಾದ ಕೋಡನ್ನು ಅಕ್ಕ ಹಿಂದಿನ ದಿನವೇ ಓದಿ ಹೇಳಿದ್ದಳು.

ಉಪಾಯದಲ್ಲಿ ತಪ್ಪಿರಲಿಲ್ಲ. ತಪ್ಪು ಮಾಡಿದ್ದು ಪೀಚು, ಅದೂ ಪ್ರೀತಿಯಿಂದ.

ಪೋರ್ಟ್ ಮಾಡುವವರ ಲೋಕದಲ್ಲಿ ಒಂದು ಅಭ್ಯಾಸವಿದೆ. ಬೆಳಗ್ಗೆ ಅಂಗಡಿ ತೆರೆದ ಕೂಡಲೇ ಅರ್ಜಿ ಒತ್ತಿಬಿಡಬೇಕು. ಹೊತ್ತಾದಂತೆ ಕಂಪನಿಗಳ ಕಂಪ್ಯೂಟರುಗಳು ತೂಕಡಿಸುತ್ತವೆ, ಗಿರಾಕಿ ಕೌಂಟರಿನಲ್ಲಿ ಕೂತು ತಲೆ ತಿನ್ನುತ್ತಾನೆ. ಬೆಳಗ್ಗೆ ಒತ್ತಿದರೆ ಮಧ್ಯಾಹ್ನ ಊಟ ಮುಗಿಸಿ ಡಬ್ಬಿ ತೊಳೆದಿಡುವ ಹೊತ್ತಿಗೆ ಹೊಸ ಸಿಮ್ಮಿಗೆ ಟವರ್ ಬರುತ್ತದೆ, ಅದಕ್ಕೆ ಮುಂಚೆ ಪೀಚುವಿನ ಅನುಭವದಲ್ಲಿ ಒಮ್ಮೆಯೂ ಬಂದದ್ದಿಲ್ಲ. ಅಕ್ಕ ಬಂದ ಮೇಲೆ ಒತ್ತಿದರೆ ಸಂಜೆಯವರೆಗೆ ಅವಳು ಈ ಅಂಗಡಿಯಲ್ಲಿ ಜೀವ ಕೈಯಲ್ಲಿ ಹಿಡಿದು ಕೂರಬೇಕು. ಹಾಗೇಕೆ ಕೂರಬೇಕು? ಬಂದ ಕೂಡಲೇ ಕೈಗೆ ಫೋನು ಕೊಟ್ಟು, "ತಗೋ, ನಡಿ" ಅನ್ನಬೇಕು. ಹಾಗೆಂದುಕೊಂಡು ಪೀಚು ಬೆಳಗ್ಗೆಯೇ ಒತ್ತಿದ. ಇಷ್ಟು ದಿನ ಗಾಜು ಹಾಕಿಕೊಟ್ಟವನು ಇವತ್ತಾದರೂ ಒಂದು ಕೆಲಸವನ್ನು ಮುಂದಾಗಿ ಮಾಡಿದೆ ಎಂದು ಅವನಿಗೆ ಖುಷಿಯೂ ಆಯಿತು.

ಮಧ್ಯಾಹ್ನ ಇನ್ನೂ ದೂರವಿತ್ತು. ಪೀಚು ರಿಪೇರಿ ಮೇಜಿನ ಮುಂದೆ ಕೂತು ಯಾರದೋ ಫೋನಿನ ಸ್ಪೀಕರಿನ ಧೂಳು ತೆಗೆಯುತ್ತಿದ್ದ. ಪಕ್ಕದಲ್ಲಿಟ್ಟಿದ್ದ ಅಕ್ಕನ ಹೊಸ ಫೋನು ಒಮ್ಮೆ ಗುಂಯ್ ಎಂದಿತು. ಬಗ್ಗಿ ನೋಡಿದರೆ ಮೇಲಿನ ಮೂಲೆಯಲ್ಲಿ ಟವರಿನ ಗೆರೆಗಳು ಪೂರ್ತಿ ನಿಂತಿವೆ. ಹೊಸ ಕಂಪನಿಯ ಸ್ವಾಗತದ ಸಂದೇಶವೂ ಬಂದಿದೆ. "ಅರೆ, ಇಷ್ಟು ಬೇಗ!" ಎಂದು ಅವನು ನಕ್ಕ. ನಗು ತುಟಿಯ ಮೇಲಿರುವಾಗಲೇ ಎದೆ ಧಸಕ್ಕೆಂದಿತು. ಇಲ್ಲಿ ಟವರ್ ಬಂತು ಎಂದರೆ ಅಲ್ಲಿ ಹೋಯಿತು. ಅಕ್ಕನ ಹಳೇ ಫೋನು ಈಗ ಬರೀ ಗಾಜಿನ ತುಂಡು, ಭಾವನ ನಕ್ಷೆಯಲ್ಲಿ ಚುಕ್ಕಿ ಇಲ್ಲ, ಮತ್ತು ಅಕ್ಕ ಇನ್ನೂ ಮನೆಯಲ್ಲೇ ಇದ್ದಾಳೆ.

ಅಕ್ಕನಿಗೆ ಹೇಳಬೇಕು! ತನ್ನ ಫೋನು ಎತ್ತಿ ಅವಳ ನಂಬರು ಒತ್ತಿದ. ಕಿವಿಗಿಟ್ಟುಕೊಂಡ. ಮೇಜಿನ ಮೇಲಿದ್ದ ಹೊಸ ಫೋನು ಹೊಡೆದುಕೊಳ್ಳತೊಡಗಿತು. ಒಂದು ಗಳಿಗೆ ಅವನು ಬಾಯಿ ತೆರೆದುಕೊಂಡು ಅದನ್ನೇ ನೋಡಿದ. ಇಷ್ಟು ಜನರ ನಂಬರು ಬದಲಾಯಿಸಿದ ಪುಣ್ಯಾತ್ಮ, ತಾನೇ ಕೊಂದ ಸಿಮ್ಮಿಗೆ ತಾನೇ ಫೋನು ಮಾಡುತ್ತಿದ್ದಾನೆ! ಅಕ್ಕನ ಮನೆಯಲ್ಲಿ ಬೇರೆ ಫೋನಿಲ್ಲ. ಅವಳನ್ನು ಮುಟ್ಟುವ ಒಂದೇ ದಾರಿಯನ್ನು ಅವನೇ ಕಿತ್ತು ತನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದ.

ಅವನು ಕರೆ ಕತ್ತರಿಸಿದ ಬೆನ್ನಿಗೇ ಹೊಸ ಫೋನು ಮತ್ತೆ ಹೊಡೆದುಕೊಂಡಿತು. ಈ ಸಲ ಭಾವನ ನಂಬರು. ಪೀಚು ಎತ್ತಿ ಕಿವಿಗಿಟ್ಟುಕೊಂಡ.

"ಎಲ್ಲಿ ಸತ್ತಿದ್ದೀಯಾ? ಚುಕ್ಕಿ ಯಾಕೆ ಹೋಯ್ತು?"

ಭಾವನ ದನಿಯ ಹಿಂದೆ ಗಾಳಿ ತುಂಬುವ ಯಂತ್ರ ಬುಸುಗುಡುವುದು ಕೇಳಿಸಿತು. ಅಂದರೆ ಇನ್ನೂ ಟೈರ್ ಅಂಗಡಿಯಲ್ಲೇ ಇದ್ದಾನೆ. ಮನೆಯಿರುವುದು ಅದರ ಹಿಂದಿನ ಓಣಿಯಲ್ಲೇ, ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ತಲುಪುತ್ತಾನೆ. ಈಗ ಫೋನು ಇಟ್ಟರೆ ನೇರ ಮನೆಗೇ ಹೋಗುತ್ತಾನೆ. ಅಲ್ಲಿ ಅಕ್ಕ ಈಗ ಚೀಲ ಕಟ್ಟುತ್ತಿರುತ್ತಾಳೆ. ಆ ಚೀಲ ಅವನ ಕಣ್ಣಿಗೆ ಬಿದ್ದರೆ ಮುಗಿಯಿತು, ಅವಳ ಹೆಣವೇ ಹೊರಗೆ ಬರುವುದು. ಪೀಚುವಿಗೆ ಅದು ಕಣ್ಣೆದುರೇ ಕಂಡಂತಾಯಿತು.

"ಭಾವ, ನಾನು" ಎಂದ.

"ನೀನ್ಯಾಕೋ ಎತ್ತಿದ್ದು? ಅವಳೆಲ್ಲಿ?"

"ಅಕ್ಕ ಇಲ್ಲೇ ನನ್ನ ಅಂಗಡೀಲಿದ್ದಾಳೆ. ನಂಬರ್ ಬದಲಾಯಿಸ್ಕೊಂಡ್ಲು. ಇನ್ನು ನಿಮ್ಮನೆಗೆ ಬರಲ್ಲ."

"ಕೊಡೋ ಅವಳಿಗೆ."

"ಕೊಡಲ್ಲ." ಪೀಚು ಜೀವಮಾನದಲ್ಲಿ ಭಾವನನ್ನು ಏಕವಚನದಲ್ಲಿ ಕರೆದವನಲ್ಲ. "ಗಂಡಸಾದ್ರೆ ನೀನೇ ಇಲ್ಲಿಗೆ ಬಾ."

ಆ ಕಡೆ ಯಂತ್ರ ನಿಂತಿತು. ಭಾವನ ದನಿ ತಗ್ಗಿತು, ಅವನ ದನಿ ತಗ್ಗಿದರೆ ಏನರ್ಥ ಎಂಬುದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು, ತಮ್ಮನಿಗೆ ಇವತ್ತು ಗೊತ್ತಾಯಿತು. "ಬಂದೆ ಪೀಚು. ಅಲ್ಲೇ ಇರು" ಎಂದ.

ಪೀಚು ಕೌಂಟರು ಹಾರಿ ಪಕ್ಕದ ಕನ್ನಡಕದ ಅಂಗಡಿಗೆ ಓಡಿದ. ಅಲ್ಲಿನವರು ಹಣೆಯ ಮೇಲೆ ಭೂತಗನ್ನಡಿ ಏರಿಸಿಕೊಂಡು ಒಂದು ಚೌಕಟ್ಟಿಗೆ ತಿರುಪು ಹಾಕುತ್ತಿದ್ದರು. ಬೀದಿಯಲ್ಲಿ ಎಲ್ಲರೂ ಅವರನ್ನು ಕನ್ನಡಕದಣ್ಣ ಎನ್ನುತ್ತಾರೆ.

"ಅಣ್ಣಾ, ಸ್ಕೂಟರ್ ತೆಗೀರಿ. ನನ್ನಕ್ಕನ ಮನೆಗೆ ಹೋಗಿ. ಈಗಲೇ ಹೊರಡು ಅನ್ನಿ, ಅಂಗಡಿ ಕಡೆ ತಲೆ ಹಾಕ್ಬೇಡ ಅನ್ನಿ, ಸೀದಾ ಬಸ್ ನಿಲ್ದಾಣಕ್ಕೆ ಬಿಡಿ."

"ಎಲಾ ಇವನ, ಗಿರಾಕಿ ಕೂತಿದ್ದಾರಲ್ಲೋ..."

"ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ. ಭಾವ ಕೊಂದುಬಿಡ್ತಾನೆ ಅವಳನ್ನ."

ಕನ್ನಡಕದಣ್ಣ ಅವನ ಮುಖ ನೋಡಿದರು. ಭೂತಗನ್ನಡಿಯನ್ನೂ ಹಣೆಯಿಂದ ಇಳಿಸದೆ, ಸ್ಕೂಟರ್ ಏರಿ ಹೋದರು. ಪುಣ್ಯಾತ್ಮರು, ಅವರ ಹೊಟ್ಟೆ ತಣ್ಣಗಿರಲಿ.

ಈಗ ಪೀಚು ಬೇಕಾದರೆ ಶಟರ್ ಎಳೆದು ಓಡಬಹುದಿತ್ತು. ಆದರೆ ಅಂಗಡಿ ಮುಚ್ಚಿರುವುದನ್ನು ಕಂಡರೆ ಭಾವ ಎಲ್ಲಿಗೆ ಹೋಗುತ್ತಾನೆ? ಮನೆಗೆ. ಅಕ್ಕ ಬಸ್ಸಿನಲ್ಲಿ ಕೂರುವವರೆಗೆ ಅವನು ಇಲ್ಲೇ ಇರಬೇಕು, ಇರಿಸಿಕೊಳ್ಳುವವನು ತಾನೊಬ್ಬನೇ. ಪೀಚು ಹಿಂದಕ್ಕೆ ಹೋಗಿ, ಬಚ್ಚಲ ಬಾಗಿಲನ್ನು ಒಳಗೆ ಯಾರೋ ಇದ್ದಂತೆ ಎಳೆದು ಮುಚ್ಚಿ, ಕೌಂಟರಿನ ಹಿಂದೆ ಬಂದು ನಿಂತುಕೊಂಡ.

ಭಾವ ಬಂದ. ಕೈಯಲ್ಲಿ ಚಕ್ರದ ನಟ್ಟು ಬಿಚ್ಚುವ ಉದ್ದನೆಯ ಪಾನಾ. ಒಳಗೆ ಕಾಲಿಟ್ಟವನೇ ತಿರುಗಿ ಶಟರನ್ನು ನೆಲದವರೆಗೆ ಎಳೆದ. ಬೀದಿಯ ಬೆಳಕೂ ಸದ್ದೂ ಒಟ್ಟಿಗೆ ಹೋಗಿ ಟ್ಯೂಬ್‌ಲೈಟಿನ ಬಿಳಿ ಬೆಳಕೊಂದೇ ಉಳಿಯಿತು.

"ಎಲ್ಲಿ?"

"ಒಳಗೆ ಬಚ್ಚಲಲ್ಲಿದ್ದಾಳೆ. ಹೆದ್ರಿದ್ದಾಳೆ. ಸ್ವಲ್ಪ ಹೊತ್ತು..."

ಪಾನಾ ಕೌಂಟರಿನ ಮೇಲೆ ಬಿತ್ತು. ಗಾಜು ಅಂಗಡಿ ತುಂಬಾ ಹಾರಿತು, ಫೋನುಗಳು ಚೆಲ್ಲಾಪಿಲ್ಲಿಯಾದವು. ಪೀಚುವಿನ ಕೆನ್ನೆಗೆ ಒಂದು ಚೂರು ಹೊಕ್ಕಿತು. ಅವನು ಕೈಯಲ್ಲಿ ಹಿಡಿದಿದ್ದ ತನ್ನ ಫೋನು ನೆಲಕ್ಕೆ ಬಿತ್ತು, ಭಾವ ಅದರ ಮೇಲೆ ಹಿಮ್ಮಡಿಯಿಟ್ಟು ತಿರುಗಿಸಿ, ಅವನನ್ನು ಪಕ್ಕಕ್ಕೆ ತಳ್ಳಿ ಹಿಂದಕ್ಕೆ ನಡೆದ. ಬಚ್ಚಲ ಬಾಗಿಲಿಗೆ ಒದ್ದ ಸದ್ದು. ಆಮೇಲೆ ತಿರುಗಿ ಬರುವ ಹೆಜ್ಜೆಗಳು.

ಏಟು ಬೆನ್ನಿಗೆ ಬಿತ್ತು. ಪೀಚು ಮಂಡಿಯೂರಿದ. ಉಸಿರು ಒಳಗೆ ಹೋಗಲಿಲ್ಲ, ಹೊರಗೂ ಬರಲಿಲ್ಲ.

"ಎಲ್ಲೋ?"

"ಅಟ್ಟದ... ಅಟ್ಟದ ಮೇಲೆ."

ಭಾವ ಏಣಿ ಹತ್ತಿದ. ಮೇಲಿನ ಡಬ್ಬಗಳೆಲ್ಲ ದಬದಬ ಕೆಳಗೆ ಬಿದ್ದವು, ಹಳೇ ಚಾರ್ಜರುಗಳು, ಕವರುಗಳು, ಬ್ಯಾಟರಿಗಳು. ಪ್ರತಿ ಡಬ್ಬ ಬಿದ್ದಾಗಲೂ ಪೀಚು ಮನಸ್ಸಿನಲ್ಲಿ, ಈಗ ಅಕ್ಕ ಮೆಟ್ಟಿಲಿಳಿದಳು, ಈಗ ಸ್ಕೂಟರ್ ಹತ್ತಿದಳು, ಈಗ ಓಣಿ ದಾಟಿದಳು ಎಂದುಕೊಂಡ. ಒಂದೊಂದು ಸುಳ್ಳಿಗೂ ಅಕ್ಕನಿಗೆ ಒಂದಿಷ್ಟು ದಾರಿ ಸಿಗುತ್ತಿತ್ತು. ಸುಳ್ಳಿಗೆ ಬೆಲೆ ಅವನ ಮೈ, ಅಷ್ಟೇ ತಾನೇ? ಕೊಟ್ಟರಾಯಿತು ಎಂಬ ಒಂದು ಹುಚ್ಚು ಧೈರ್ಯ ಅವನಿಗೆ ಎಲ್ಲಿಂದಲೋ ಬಂತು.

ಕೆಳಗಿಳಿದ ಭಾವ ಈ ಸಲ ಕೇಳಲಿಲ್ಲ. ಪೀಚುವಿನ ಬಲಗೈ ಮಣಿಕಟ್ಟು ಹಿಡಿದು ರಿಪೇರಿ ಮೇಜಿನ ಮೇಲೆ ಅಂಗೈಯನ್ನು ಚಪ್ಪಟೆಯಾಗಿ ಒತ್ತಿದ. "ಹೊಲಿಗೆಯವಳಿಗೆ ಹೆಬ್ಬೆರಳು ಸಾಕಿತ್ತು" ಎಂದ, ನಗುತ್ತಲೇ. "ನಿಂಗೆ ಪೂರ್ತಿ ಕೈ."

ಪಾನಾ ಇಳಿಯಿತು. ಮೂಳೆ ಮುರಿದ ಸದ್ದು ಪೀಚುವಿಗೆ ನೋವಿಗಿಂತ ಮೊದಲು ಕೇಳಿಸಿತು. ಆಮೇಲೆ ನೋವು ಬಂತು. ಅವನು ಕೂಗಿದ ಕೂಗು ಅವನಿಗೇ ಯಾರದೋ ಎನ್ನಿಸಿತು. ಮತ್ತೊಮ್ಮೆ ಇಳಿಯಿತು. ಬೆರಳುಗಳು ಬೇರೆ ಬೇರೆ ದಿಕ್ಕಿಗೆ ತಿರುಗಿಕೊಂಡವು. ಎಷ್ಟೋ ಜನರ ಫೋನಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತಿರುಪುಗಳನ್ನು ಬಿಚ್ಚಿ ಹಾಕಿದ ಬೆರಳುಗಳು ಅವು.

"ಬಾಯ್ಬಿಡೋ."

"ಎದುರಿನ... ಔಷಧಿ ಅಂಗಡಿಗೆ ಹೋಗಿದ್ದಾಳೆ. ಬರ್ತಾಳೆ. ಈಗ ಬರ್ತಾಳೆ."

ಭಾವ ಅವನ ಮುಖವನ್ನೇ ನೋಡಿದ. ನೋಡುತ್ತಾ ನೋಡುತ್ತಾ ಅವನ ಕಣ್ಣು ಕಿರಿದಾಯಿತು. "ಅವಳು ಇಲ್ಲಿಗೆ ಬಂದೇ ಇಲ್ಲ" ಎಂದ. "ಮನೇಲೇ ಇದ್ದಾಳೆ. ಅಲ್ವಾ?"

ಶಟರಿನ ಕಡೆ ತಿರುಗಿದ. ಪೀಚು ನೆಲದ ಮೇಲೆ ಬಿದ್ದಲ್ಲಿಂದಲೇ ಅವನ ಕಾಲು ತಬ್ಬಿಕೊಂಡ. ಭಾವ ಒದ್ದ. ಹಲ್ಲೊಂದು ಕಿತ್ತು ನಾಲಿಗೆಯ ಮೇಲೆ ಬಂತು. ಮತ್ತೆ ಒದ್ದ, ಪಕ್ಕೆಗೆ. ಪೀಚು ಬಿಡಲಿಲ್ಲ. ಪ್ಯಾಂಟಿನ ಮೇಲಿಂದಲೇ ಮೀನಖಂಡಕ್ಕೆ ಬಾಯಿ ಹಾಕಿ ಕಚ್ಚಿದ, ಉಪ್ಪುಪ್ಪಾಗುವವರೆಗೆ ಕಚ್ಚಿದ. ಭಾವ ಬೊಬ್ಬೆ ಹಾಕಿ ಅವನ ಕೂದಲು ಹಿಡಿದೆಳೆದ. ಇಬ್ಬರೂ ಗಾಜಿನ ಚೂರಿನ ಮೇಲೆ ಜಾರಾಡುತ್ತಿದ್ದಾಗ ಮೇಜಿನ ಮೇಲಿದ್ದ ಹೊಸ ಫೋನು ಹೊಡೆದುಕೊಂಡಿತು.

ಇಬ್ಬರೂ ನಿಂತರು. ಭಾವ ಕಾಲು ಕೊಡವಿಕೊಂಡು ಹೋಗಿ ಫೋನು ನೋಡಿದ, ಹೆಸರಿಲ್ಲದ ನಂಬರು. ಸ್ಪೀಕರ್ ಒತ್ತಿ ಸುಮ್ಮನೆ ನಿಂತ.

"ತಮ್ಮಾ?" ಅಕ್ಕನ ದನಿ. ಹಿಂದೆ ಬಸ್ಸುಗಳ ಹಾರ್ನು. "ನಿನ್ನ ಫೋನ್ ಸ್ವಿಚ್ ಆಫ್ ಬರ್ತಿದೆ ಕಣೋ. ಈ ನಂಬರ್ ನಿನ್ನ ಹತ್ರಾನೇ ಇರತ್ತಲ್ಲ ಅಂತ ಇದಕ್ಕೇ ಮಾಡ್ದೆ. ಕನ್ನಡಕದಣ್ಣನ ಫೋನಿದು. ಬಸ್ ನಿಲ್ದಾಣಕ್ಕೆ ಬಂದ್ಬಿಟ್ಟೆ ಕಣೋ! ಬಸ್ಸು ಹೊರಡೋಕೆ ಇನ್ನೂ ಸ್ವಲ್ಪ ಹೊತ್ತಿದೆಯಂತೆ. ಕೇಳಿಸ್ತಿದ್ಯಾ?"

ಭಾವನ ಮುಖದಲ್ಲಿ ನಗು ಮೂಡಿತು. ತುಟಿಯ ಮೇಲೆ ಬೆರಳಿಟ್ಟು ಪೀಚುವಿನ ಕಡೆ ನೋಡಿದ. ಸದ್ದಾಗದಂತೆ ಫೋನನ್ನು ಮೇಜಿನ ಮೇಲಿಟ್ಟು, ಪಾನಾ ಕೈಬಿಡದೆ, ಖಾಲಿ ಕೈಯಲ್ಲಿ ಗಾಡಿಯ ಕೀಲಿಕೈಗಾಗಿ ಜೇಬು ತಡಕಿದ. ಬಸ್ ನಿಲ್ದಾಣ ದೂರವೇನಲ್ಲ.

ಮೇಜಿನ ತುದಿಯಲ್ಲಿ ಅಂಟಿದ ಸ್ಕ್ರೀನುಗಳನ್ನು ಬಿಡಿಸುವ ಬಿಸಿ ಕಾವಲಿ ಇತ್ತು, ಬೆಳಗ್ಗೆಯಿಂದ ಕಾದೇ ಇತ್ತು. ಪೀಚು ಯೋಚಿಸಲಿಲ್ಲ. ಯೋಚಿಸಿದ್ದರೆ ಅವನ ಕೈಲಿ ಆಗುತ್ತಲೂ ಇರಲಿಲ್ಲ. ಎದ್ದ, ಎಡಗೈಯಲ್ಲಿ ಅದನ್ನು ಬುಡದಿಂದ ಕಿತ್ತ, ಭಾವನ ಮುಖಕ್ಕೆ ಒತ್ತಿದ. ಚರ್ಮ ಚರ್ರೆಂದಿತು. ಭಾವ ಪಾನಾ ಬಿಟ್ಟು ಎರಡೂ ಕೈಯಲ್ಲಿ ಮುಖ ಹಿಡಿದುಕೊಂಡು ಕಿರುಚಿ, ಹಿಂದಕ್ಕೆ ಬಿದ್ದ.

"ತಮ್ಮಾ! ಏನೋ ಅದು?"

"ಗಿರಾಕಿ ಅಕ್ಕ" ಎಂದ ಪೀಚು. ಬಾಯಲ್ಲಿ ರಕ್ತ ತುಂಬಿತ್ತು, ಉಗುಳಿದ. "ರಿಪೇರಿ ಸರಿ ಆಗ್ಲಿಲ್ಲ ಅಂತ ಗಲಾಟೆ. ಒಂದ್ನಿಮಿಷ ಇರು."

ಅವನು ಎಡಗೈಯ ಹೆಬ್ಬೆರಳಲ್ಲಿ ಫೋನಿನ ಮೈಕು ಬಂದ್ ಮಾಡಿದ. ಪಾನಾ ಎತ್ತಿಕೊಂಡ. ಭಾವ ಮೊಣಕೈಯೂರಿ ಏಳುತ್ತಿದ್ದ, "ಕೊಂದ್ಬಿಡ್ತೀನಿ, ಇಬ್ಬರನ್ನೂ..." ಎನ್ನುತ್ತಿದ್ದ. ಪೀಚು ಮೊಣಕಾಲಿಗೆ ಹೊಡೆದ. ಭಾವ ಮಗುಚಿಕೊಂಡ, ಆದರೂ ಅವನ ಕೈ ಪೀಚುವಿನ ಕಾಲಿಗೆ ಬಂತು. ತಲೆಗೆ ಹೊಡೆದ. ಕೈ ಸಡಿಲವಾಯಿತು. ಅಲ್ಲಿಗೆ ಮುಗಿದಿತ್ತು. ಆದರೆ ಪೀಚು ಇನ್ನೊಂದು ಹೊಡೆದ. ಅದು ಬೇಕಾಗಿರಲಿಲ್ಲ. ಹುಬ್ಬಿನ ಮೇಲಿನ ಹೊಲಿಗೆ, ಹೆಬ್ಬೆರಳು, ಇಷ್ಟು ದಿನ ತಾನು ತೆಪ್ಪಗೆ ಹಾಕಿಕೊಟ್ಟ ಗಾಜುಗಳು, ಎಲ್ಲ ಸೇರಿ ಹೊಡೆದದ್ದು ಅದು. ಹೊಡೆದ ಮೇಲೆ ಅವನಿಗೇ ಭಯವಾಯಿತು, ಪಾನಾ ದೂರ ಎಸೆದ.

ಭಾವ ಗೊರಕೆ ಹೊಡೆಯುವವನಂತೆ ಉಸಿರಾಡುತ್ತಿದ್ದ. ಕಣ್ಣು ಅರ್ಧ ತೆರೆದಿತ್ತು, ಯಾವುದನ್ನೂ ನೋಡುತ್ತಿರಲಿಲ್ಲ.

ಪೀಚು ಮೇಜಿಗೆ ಒರಗಿ ಮೈಕು ತೆರೆದ. "ಹೇಳಕ್ಕಾ."

"ಜಗಳ ಮುಗೀತಾ? ನಿನ್ನ ದನಿ ಯಾಕೆ ಹಾಗಿದೆ?"

"ಊಟ ಮಾಡ್ತಿದ್ದೆ."

"ಇಷ್ಟು ಬೇಗ? ಸರಿ ಬಿಡು. ಅವ್ರಿಗೇನೂ ಗೊತ್ತಾಗಿಲ್ವಲ್ಲ? ಅಣ್ಣ ಏನೇನೋ ಹೇಳಿ ಹೆದರಿಸಿಬಿಟ್ರು. ಅವ್ರು ಅಲ್ಲಿಗೇನಾದ್ರೂ ಬಂದಿದ್ರಾ? ನಿಜ ಹೇಳು. ಬಂದಿದ್ರೆ ನಾನು ವಾಪಸ್ ಬರ್ತೀನಿ, ನಿನ್ನೊಬ್ಬನ್ನೇ ಬಿಟ್ಟು ಹೋಗಲ್ಲ."

ಪೀಚು ಕಣ್ಣು ಮುಚ್ಚಿಕೊಂಡ. ಅವಳು ಬರುತ್ತಾಳೆ, ಅದರಲ್ಲಿ ಅನುಮಾನವೇ ಇಲ್ಲ. ಬಂದರೆ ಇದನ್ನೆಲ್ಲ ನೋಡುತ್ತಾಳೆ, ಪೊಲೀಸರು ಬರುತ್ತಾರೆ, ಗಂಡನ ಆಸ್ಪತ್ರೆ, ತಮ್ಮನ ಜೈಲು ಎರಡರ ನಡುವೆ ಓಡಾಡುತ್ತಾ ಈ ಊರಲ್ಲೇ ಉಳಿದುಬಿಡುತ್ತಾಳೆ. ಭಾವ ಎದ್ದರೆ ಮತ್ತೆ ಅದೇ ಮನೆ.

"ಇಲ್ಲಕ್ಕಾ, ಯಾರೂ ಬಂದಿಲ್ಲ. ಬಂದ್ರೆ ನಾನು ನೋಡ್ಕೋತೀನಿ. ನೀನು ಬಸ್ಸಲ್ಲಿ ಕೂತ್ಕೋ, ಇಳೀಬೇಡ. ಅಣ್ಣನ್ನ ಈಗಲೇ ಇಲ್ಲಿಗೆ ಕಳಿಸು, ಫೋನು ಅವರ ಕೈಲಿ ಕೊಡ್ತೀನಿ."

"ನೀನೇ ತಂದ್ಕೊಡೋ. ಒಂದ್ಸಲ ನೋಡ್ದಂಗೂ ಆಗತ್ತೆ."

ಪೀಚು ಬಲಗೈ ನೋಡಿಕೊಂಡ, ಊದಿಕೊಂಡು ಅವನದಲ್ಲದ ಹಾಗೆ ತೂಗುತ್ತಿತ್ತು. "ಅಂಗಡಿ ಬಿಟ್ಟು ಬರೋಕಾಗಲ್ಲ ಅಕ್ಕ."

"ಹೂಂ, ನಿಂಗೆ ಯಾವಾಗ್ಲೂ ಅಂಗಡಿಯೇ!" ಎಂದು ಅಕ್ಕ ಬೈದಳು. ಎಷ್ಟೋ ದಿನದ ಮೇಲೆ ಅವಳು ಹಗುರವಾಗಿ ಬೈದದ್ದು. ಕರೆ ನಿಂತಿತು.

ಆಂಬುಲೆನ್ಸಿಗೂ ಪೊಲೀಸರಿಗೂ ಹೇಳಬೇಕಿತ್ತು. ಪೀಚು ಅಕ್ಕನ ಫೋನಿನಲ್ಲಿ ನಂಬರು ಒತ್ತಲು ಹೋಗಿ ನಿಂತ. ಅವಳ ನಂಬರಿನಿಂದ ಈ ಸುದ್ದಿ ಹೋಗಬಾರದು. ಹೋದರೆ ನಾಳೆ ಪೊಲೀಸರು ಅದೇ ನಂಬರಿಗೆ ಫೋನು ಮಾಡುತ್ತಾರೆ, ಬಾ ಎನ್ನುತ್ತಾರೆ. ಅವನು ಬಗ್ಗಿ, ಗಾಜಿನ ನಡುವೆ ಬಿದ್ದಿದ್ದ ಮಾರಾಟದ ಫೋನುಗಳಲ್ಲಿ ಹೊತ್ತಿಕೊಳ್ಳುವಂಥದ್ದು ಒಂದನ್ನು ಹುಡುಕಿದ. ಅದರಲ್ಲಿ ಸಿಮ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಜೀವ ಹೋಗುವ ಹೊತ್ತಿನ ಆ ಒಂದು ತುರ್ತು ಕರೆಯನ್ನು ಯಾವ ಕಂಪನಿಯ ಟವರಾದರೂ ಎತ್ತಿಕೊಳ್ಳುತ್ತದೆ. ಒತ್ತಿದ. ಆ ಕಡೆ ಎತ್ತಿದ ಹೆಂಗಸು, "ನಿಮ್ಮ ನಂಬರ್ ತೋರಿಸ್ತಿಲ್ಲ, ಹೇಳಿ" ಎಂದಳು.

"ನಂಬರ್ ಇಲ್ಲಮ್ಮಾ. ಅಂಗಡಿ ಗುರುತು ಹೇಳ್ತೀನಿ, ಬರ್ಕೊಳಿ" ಎಂದ. "ಒಬ್ರಿಗೆ ತಲೆಗೆ ಪೆಟ್ಟಾಗಿದೆ, ಉಸಿರಿದೆ. ಹೊಡೆದೋನು ನಾನೇ, ಇಲ್ಲೇ ಇರ್ತೀನಿ."

ಆಮೇಲೆ ಅಕ್ಕನ ಫೋನನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದ. ಒಂದೇ ಕೈಯಲ್ಲಿ ಒರೆಸುವುದು ಕಷ್ಟ, ತೊಡೆಯ ಮೇಲಿಟ್ಟುಕೊಂಡು ಒರೆಸಿದ. ಮೂಲೆಯಲ್ಲಿದ್ದ ಒಂದು ಕಲೆ ಹೋಗುವವರೆಗೂ ಬಿಡಲಿಲ್ಲ. ಭುಜ ಕೊಟ್ಟು ಶಟರನ್ನು ಮೇಲೆತ್ತಿದ. ಬೀದಿಯ ತುಂಬ ಬಿಸಿಲಿತ್ತು.

ಕನ್ನಡಕದಣ್ಣ ಸ್ಕೂಟರ್ ನಿಲ್ಲಿಸಿ ಇಳಿದವರು ಅವನನ್ನು ನೋಡಿದರು, ಅವನ ಹಿಂದೆ ಒಳಗೆ ಬಿದ್ದಿದ್ದ ದೊಡ್ಡ ದೇಹವನ್ನು ನೋಡಿದರು. ಭೂತಗನ್ನಡಿ ಇನ್ನೂ ಹಣೆಯ ಮೇಲೇ ಇತ್ತು. "ಅಯ್ಯೋ ಮಗನೇ" ಎಂದರು.

"ಅಣ್ಣಾ, ಬಸ್ಸು ಹೊರಡತ್ತೆ, ಬೇಗ ಹೋಗಿ. ಇದು ಅಕ್ಕನ ಕೈಗೆ ಕೊಡಿ. ಯಾವ ಊರಲ್ಲಿ, ಯಾವ ಕಂಪನಿ ಸಿಮ್ ಹಾಕಿದ್ರೂ ನಡೆಯತ್ತೆ ಅನ್ನಿ. ನಂಬರ್ ಅವಳದೇ, ಯಾರೂ ಕಿತ್ಕೊಳೋಕಾಗಲ್ಲ ಅನ್ನಿ."

ಕನ್ನಡಕದಣ್ಣ ಫೋನು ತೆಗೆದುಕೊಂಡರು. "ನಿನ್ನ ಬಗ್ಗೆ ಕೇಳಿದ್ರೆ ಏನು ಹೇಳ್ಲೋ?"

ದೂರದಲ್ಲೆಲ್ಲೋ ಆಂಬುಲೆನ್ಸಿನ ಸದ್ದು ಕೇಳಿಸತೊಡಗಿತ್ತು. ಪೀಚು ಅಂಗಡಿಯ ಮೆಟ್ಟಿಲ ಮೇಲೆ ಕೂತು, ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡ.

"ಗಿರಾಕಿಗಳು ಜಾಸ್ತಿ ಇದ್ದಾರೆ ಅನ್ನಿ" ಎಂದ.